ಕೊನೆ ಭಾಗದ ಗದ್ದೆಗೆ ಬೆಳೆ ವಿಮೆ ಕಟ್ಟಬೇಕಾ, ಬೇಡ್ವಾ?

ಕೊನೇ ತೂಬು

ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರು ತಾಲ್ಲೂಕು, ಕೆಆರ್‌ಎಸ್‌ನಿಂದ ಬರುವ ವಿ.ಸಿ. ನಾಲೆಯ ಕೊನೆ ಭಾಗ. ಒಂದೂವರೆ ಎಕರೆ ಗದ್ದೆ ಇದೆ. ಕೇಳಬೇಕಾದ್ದು ಒಂದೇ ಮಾತು. ಈ ಸಲ ಮುಂಗಾರಿಗೆ ಬೆಳೆ ವಿಮೆ ಕಟ್ಟಲಾ, ಬಿಡಲಾ?

ಯಾಕೆ ಕೇಳುತ್ತಿದ್ದೇನೆ ಅಂದ್ರೆ, 2023ರಲ್ಲಿ ಕಟ್ಟಿದ್ದೆ. ಆ ವರ್ಷ ಕೆಆರ್‌ಎಸ್ ತುಂಬಲೇ ಇಲ್ಲ, ನಿಮಗೆಲ್ಲ ಗೊತ್ತು. ಕಟ್ಟು ಪದ್ಧತಿಯಲ್ಲಿ, ಅಂದ್ರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಟ್ಟರು. ಮೇಲಿನ ಬಯಲಿಗೆ ಹೇಗೋ ಹರಿಯಿತು. ನಮ್ಮ ತೂಬಿಗೆ ಕೊನೆಯ ಎರಡು ಕಟ್ಟು ನೀರು ಬರಲೇ ಇಲ್ಲ. ಸರಿಯಾಗಿ ಹೊಡೆ ತುಂಬುವ ಹೊತ್ತು. ರಾತ್ರಿ ಬ್ಯಾಟರಿ ಹಿಡಿದು ನಾಲೆ ಏರಿ ಮೇಲೆ ನಾಲ್ಕು ದಿನ ಕಾದಿದ್ದೇನೆ. ಗದ್ದೆಯಲ್ಲಿ ಕಾಲು ಹೋಗುವಷ್ಟು ಬಿರುಕು. ತೆನೆ ಬಂತು, ಹಿಡಿದು ನೋಡಿದರೆ ಬರೀ ಜೊಳ್ಳು. ಕೊನೆಗೆ ದನಕ್ಕೆ ಹುಲ್ಲಾದರೂ ಆಗಲಿ ಅಂತ ಕೊಯ್ದೆವು.

ವಿಮೆಯಿಂದ ಬಂದದ್ದು ಸೊನ್ನೆ. ಕೇಳಿದರೆ 'ನಿಮ್ಮ ಪಂಚಾಯ್ತಿಯಲ್ಲಿ ನಷ್ಟ ತೋರಿಸಿಲ್ಲ' ಅಂದರು. ನಾನು ಪಂಚಾಯ್ತಿಗೆ ವಿಮೆ ಕಟ್ಟಿದ್ದೆನಾ? ನನ್ನ ಗದ್ದೆಗಲ್ವಾ ಕಟ್ಟಿದ್ದು?

ನಮ್ಮ ಮನೆಯವಳು ಆವತ್ತಿಂದ ಒಂದೇ ಮಾತು. ಆ ಸಾವಿರದ ಚಿಲ್ಲರೆಗೆ ನಾಲ್ಕು ಮೂಟೆ ಯೂರಿಯಾ ಬರುತ್ತಿತ್ತು ಅಂತ.

ಮುದ್ದೆಪ್ರಿಯ ಮಳವಳ್ಳಿ

ಅಕ್ಕ ಸರಿಯಾಗೇ ಹೇಳಿದ್ದಾರೆ. ಯೂರಿಯಾ ತಗೊಳ್ಳಿ ಅಣ್ಣ. ಮುಂದಿನ ಪ್ರಶ್ನೆ.

ಹಳೇ ಎಎಒ

ಮಳವಳ್ಳಿಯವರೇ, ಸುಮ್ನೆ ಹಾಗೆ ಒಂದೇ ಮಾತಲ್ಲಿ ಮುಗಿಸಬೇಡಿ. ನಾನು ಕೃಷಿ ಇಲಾಖೆಯಲ್ಲಿದ್ದು ನಿವೃತ್ತಿ ಆದವನು. ಬೆಳೆ ಕಟಾವು ಪ್ರಯೋಗ, ಅಂದ್ರೆ ಗದ್ದೆಯ ಒಂದು ಚೌಕ ಕೊಯ್ದು ತೂಗಿ ಇಳುವರಿ ನೋಡುವುದು, ಅದನ್ನು ಮಾಡಿಸಿ ಮಾಡಿಸಿಯೇ ಅರ್ಧ ಸರ್ವಿಸ್ ಕಳೆದಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಕೊನೇ ತೂಬು ಅವರ ಪ್ರಶ್ನೆಯಲ್ಲೇ ಉತ್ತರ ಇದೆ. ಹೌದು, ನೀವು ಕಟ್ಟಿದ್ದು ಪಂಚಾಯ್ತಿಗೇ. ಇದನ್ನು ದುಡ್ಡು ಕಟ್ಟಿಸಿಕೊಳ್ಳುವಾಗ ಯಾರೂ ಬಿಡಿಸಿ ಹೇಳುವುದಿಲ್ಲ, ಅದೇ ತಪ್ಪು. ಫಸಲ್ ಬಿಮಾದಲ್ಲಿ, ಅಂದ್ರೆ ಕೇಂದ್ರದ ಈ ಬೆಳೆ ವಿಮೆ ಯೋಜನೆಯಲ್ಲಿ, ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿಯೇ ಒಂದು ಘಟಕ. ಸಣ್ಣ ಪ್ರಮಾಣದ ಬೆಳೆಗೆ ಹೋಬಳಿ ಘಟಕ. ಆ ಇಡೀ ಘಟಕಕ್ಕೆ ಒಂದೇ ಇಳುವರಿ. ಅದು ಬಿದ್ದರೆ ಎಲ್ಲರಿಗೂ ಬರುತ್ತದೆ, ಚೆನ್ನಾಗಿ ಬೆಳೆದವನಿಗೂ. ಬೀಳದಿದ್ದರೆ ಯಾರಿಗೂ ಇಲ್ಲ, ನಿಮ್ಮಂತೆ ಪೂರ್ತಿ ಒಣಗಿಸಿಕೊಂಡವರಿಗೂ ಇಲ್ಲ.

ಒಂದು ಪಂಚಾಯ್ತಿಗೆ, ಒಂದು ಮುಖ್ಯ ಬೆಳೆಗೆ ನಾಲ್ಕು ಕಟಾವು ಪ್ರಯೋಗ. ಬತ್ತಕ್ಕೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಜಾಗ. ಅಂದ್ರೆ 25 ಚದರ ಮೀಟರ್. ಎಕರೆಯಲ್ಲಿ ಅಂಥವು ಸುಮಾರು 162 ಬರುತ್ತವೆ. ಹಾಗಾಗಿ ಆ ಚೌಕದಲ್ಲಿ ಒಂದು ಕೆಜಿ ಹೆಚ್ಚು ಕಮ್ಮಿ ಆದರೆ ಎಕರೆಗೆ 162 ಕೆಜಿ ಹೆಚ್ಚು ಕಮ್ಮಿ ಆದ ಹಾಗೆ.

ಈಗ ನಿಮ್ಮ ಪಂಚಾಯ್ತಿಯನ್ನೇ ಇಟ್ಟುಕೊಳ್ಳೋಣ. ಅಂಕಿ ನಾನು ಲೆಕ್ಕಕ್ಕೆ ಹಾಕಿಕೊಂಡದ್ದು, ನಿಜದ್ದಲ್ಲ. ಮೂರು ಪ್ರಯೋಗ ಮೇಲಿನ ಬಯಲಲ್ಲಿ ಬಿದ್ದವು. 15 ಕೆಜಿ, 14 ಕೆಜಿ, 13 ಕೆಜಿ ಬಂತು. ನಾಲ್ಕನೆಯದು ನಿಮ್ಮ ಕಡೆ ಬಿತ್ತು, 4 ಕೆಜಿ. ಸರಾಸರಿ ಹನ್ನೊಂದೂವರೆ ಕೆಜಿ. ಎಕರೆಗೆ ಹೆಚ್ಚು ಕಡಿಮೆ 18.6 ಕ್ವಿಂಟಾಲ್.

ಇನ್ನು ಹೋಲಿಸುವುದು ಯಾವುದಕ್ಕೆ? ಹಿಂದಿನ ಏಳು ವರ್ಷದಲ್ಲಿ ಒಳ್ಳೆಯ ಐದು ವರ್ಷದ ಸರಾಸರಿ ತೆಗೆಯುತ್ತಾರೆ. ಕೆಟ್ಟ ಎರಡು ವರ್ಷ ಬಿಟ್ಟುಬಿಡುತ್ತಾರೆ, ಅದು ರೈತನಿಗೆ ಅನುಕೂಲವೇ. ಆ ಸರಾಸರಿಯನ್ನು 70, 80, 90 ಹೀಗೆ ಒಂದು ಶೇಕಡಾವಾರಿನಿಂದ ಗುಣಿಸುತ್ತಾರೆ. ಸರಾಸರಿ ಇಪ್ಪತ್ತೆರಡೂವರೆ ಕ್ವಿಂಟಾಲ್, ಶೇಕಡಾ 80 ಅಂತ ಇಟ್ಟುಕೊಂಡರೆ ಗಡಿ 18 ಕ್ವಿಂಟಾಲ್. ಬಂದದ್ದು 18.6. ಗಡಿಗಿಂತ ಮೇಲಿದೆ. ಮುಗಿಯಿತು, ಸೊನ್ನೆ.

ನಾಲ್ಕರಲ್ಲಿ ಎರಡು ಪ್ರಯೋಗ ಕೊನೆ ಭಾಗದಲ್ಲಿ ಬಿದ್ದಿದ್ದರೆ? 15, 13, 5, 4. ಸರಾಸರಿ 9.25 ಕೆಜಿ, ಎಕರೆಗೆ 15 ಕ್ವಿಂಟಾಲ್. ಗಡಿಗಿಂತ ಮೂರು ಕ್ವಿಂಟಾಲ್ ಕಮ್ಮಿ, ಅಂದ್ರೆ ಆರನೇ ಒಂದು ಭಾಗ. ಎಕರೆಗೆ ವಿಮಾ ಮೊತ್ತ 36,000 ಅಂತಿದ್ದರೆ 6,000 ಬರುತ್ತಿತ್ತು, ಇಡೀ ಪಂಚಾಯ್ತಿಯಲ್ಲಿ ಬತ್ತಕ್ಕೆ ವಿಮೆ ಕಟ್ಟಿದ ಎಲ್ಲರಿಗೂ.

ಕೊನೇ ತೂಬು

ಸಾರ್, ಇವತ್ತು ಅರ್ಥ ಆಯ್ತು. ಅಂದ್ರೆ ಮೇಲಿನ ಬಯಲಿನವರು ನೀರನ್ನೂ ತಗೊಂಡರು, ನನ್ನ ಪರಿಹಾರವನ್ನೂ ತಗೊಂಡರು.

ಹಳೇ ಎಎಒ

ಬೇಕು ಅಂತ ಯಾರೂ ತಗೊಂಡಿಲ್ಲ. ಆದರೆ ಲೆಕ್ಕ ಹಾಗೇ ಬೀಳುತ್ತದೆ. ಕೊಡಗಿನ ಕಡೆ, ಮಲೆನಾಡಿನ ಕಡೆ, ಅಥವಾ ಮಳೆ ನಂಬಿದ ರಾಗಿಗೆ ಈ ಪದ್ಧತಿ ಪರವಾಗಿಲ್ಲ. ಮಳೆ ಹೋದರೆ ಊರಿಗೇ ಹೋಗುತ್ತದೆ. ನಾಲೆ ಊರಲ್ಲಿ ಹಾಗಲ್ಲ. ಒಂದೇ ಪಂಚಾಯ್ತಿಯಲ್ಲಿ ತಲೆ ಕಡೆ ಮೊಣಕಾಲುದ್ದ ನೀರು, ಬಾಲದ ಕಡೆ ಬಿರುಕು. ನನ್ನ ಕೇಳಿದರೆ ಮಂಡ್ಯದಲ್ಲಿ ವಿಮೆ ಮೇಲಿನ ಸಿಟ್ಟಿಗೆಲ್ಲ ಇದೇ ಮೂಲ. ಕಂಪನಿ ಮೋಸ, ಅಧಿಕಾರಿ ಮೋಸ ಅಂತ ಬೈಯುವುದು ಆಮೇಲಿನ ಮಾತು.

ಚಾಮರಾಜ ಎಡದಂಡೆ

ಕೆ.ಆರ್. ನಗರದಿಂದ. ಎಎಒ ಸಾರ್ ಹೇಳಿದ ಪ್ರಯೋಗ ನಮ್ಮ ಗದ್ದೆಯಲ್ಲೇ ಒಮ್ಮೆ ಆಗಿದೆ. ಅದರ ಕಥೆ ಹೇಳಲೇಬೇಕು.

ಆಗಿನ್ನೂ ಮೊಬೈಲ್ ಆ್ಯಪ್ ಇರಲಿಲ್ಲ. ಆ ವರ್ಷ ಕುತ್ತಿಗೆ ಬೆಂಕಿರೋಗ ಬಿದ್ದು ಬಯಲೆಲ್ಲ ಬಿಳಿ ತೆನೆ. ನಾಲ್ಕು ಗೂಟ, ಹಗ್ಗ, ಟೇಪು ಹಿಡಿದು ಇಬ್ಬರು ಬಂದರು. ನಮ್ಮಪ್ಪ ಏನು ಮಾಡಿದರು ಅಂತೀರಿ? 'ಸ್ವಾಮಿ, ಆ ಕಡೆ ಬೇಡಿ, ಅಲ್ಲಿ ರೋಗ ಬಿದ್ದದೆ, ಈ ಕಡೆ ಚೆನ್ನಾಗಿದೆ ಬನ್ನಿ' ಅಂತ ತೂಬಿನ ಬಾಯಿ ಹತ್ತಿರದ ಮಡಿಗೆ ಕರೆದುಕೊಂಡು ಹೋದರು. ಗೊಬ್ಬರದ ನೀರು ಮೊದಲು ನಿಲ್ಲೋ ಜಾಗ ಅದು. ಗದ್ದೆಯಲ್ಲೆಲ್ಲ ಚೆನ್ನಾಗಿದ್ದದ್ದು ಅದೊಂದೇ ಮೂಲೆ! ಬಂದವರಿಗೂ ಬಿಸಿಲು, ಬೇಗ ಮುಗಿದರೆ ಸಾಕು. ಅಲ್ಲೇ ಗೂಟ ಹೊಡೆದರು. ಟಾರ್ಪಲ್ ಮೇಲೆ ಬಡಿದು, ತೂರಿ, ತೂಕ ಹಾಕಿದರು. ಹದಿನಾರು ಕೆಜಿ ಬಂತು. ಅಪ್ಪ ಎದೆ ಉಬ್ಬಿಸಿಕೊಂಡು ಎಳನೀರು ಕೊಡಿಸಿದರು.

ನಾನು ಮನೆಗೆ ಬಂದ ಮೇಲೆ 'ಅಪ್ಪಾ, ಏನ್ ಮಾಡ್ಬಿಟ್ಟೆ' ಅಂದೆ. 'ಬಂದವರ ಮುಂದೆ ಜೊಳ್ಳು ತೋರಿಸೋಕೆ ಆಗುತ್ತೇನೋ, ಮಾನ ಇಲ್ವಾ' ಅಂದರು. ಆ ಮಾನಕ್ಕೆ ಇಡೀ ಪಂಚಾಯ್ತಿ ವಿಮೆ ಹೋಯಿತು. ಇದನ್ನು ಊರಲ್ಲಿ ನಾನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಮುದ್ದೆಪ್ರಿಯ ಮಳವಳ್ಳಿ

ಈಗ ಹೇಳಿಬಿಟ್ರಲ್ಲಾ 😄

ಹಳೇ ಎಎಒ

ಎಡದಂಡೆಯವರೇ, ಇಂಥ ಅಪ್ಪಂದಿರನ್ನು ನಾನು ತುಂಬಾ ನೋಡಿದ್ದೇನೆ. ನಿಯಮದ ಪ್ರಕಾರ ಜಾಗ ಯಾರೂ ಆರಿಸುವ ಹಾಗಿಲ್ಲ. ಸರ್ವೆ ನಂಬರು ಮೊದಲೇ ಯಾದೃಚ್ಛಿಕವಾಗಿ, ಅಂದ್ರೆ ಚೀಟಿ ಎತ್ತಿದ ಹಾಗೆ, ನಿಗದಿ ಆಗಿರುತ್ತದೆ. ಗದ್ದೆಯ ಮೂಲೆಯಿಂದ ಉದ್ದಕ್ಕೆ ಎಷ್ಟು ಹೆಜ್ಜೆ, ಅಗಲಕ್ಕೆ ಎಷ್ಟು ಹೆಜ್ಜೆ ಅನ್ನುವುದಕ್ಕೂ ಅಂಥದೇ ಸಂಖ್ಯೆ. ಅಲ್ಲಿಗೆ ಹೋಗಿ ಗೂಟ ಹೊಡೆಯಬೇಕು, ಅಲ್ಲಿ ಜೊಳ್ಳೇ ಇರಲಿ, ಮುತ್ತೇ ಇರಲಿ. ಈಗ ಆ್ಯಪ್‌ನಲ್ಲಿ ಜಾಗದ ಗುರುತು, ಫೋಟೊ ಎಲ್ಲ ಹಾಕಬೇಕು, ಹಾಗಾಗಿ ಮೊದಲಿನಷ್ಟು ಸಲೀಸಲ್ಲ. ವಿಮಾ ಕಂಪನಿ ಕಡೆಯವರಿಗೂ ಬಂದು ನೋಡುವ ಹಕ್ಕಿದೆ, ಅವರು ಬರುತ್ತಾರೆ ಕೂಡ. ಬರದೇ ಇರುವವರು ರೈತರೇ. ತನ್ನ ಗದ್ದೆಯಲ್ಲಿ ಪ್ರಯೋಗ ಇಲ್ಲ ಅಂದರೆ ನನಗೇನು ಅಂತ ಮನೆಯಲ್ಲಿರುತ್ತಾರೆ. ನಿಮ್ಮ ಪರಿಹಾರ ತೀರ್ಮಾನ ಆಗುವುದೇ ಪಕ್ಕದವನ ಗದ್ದೆಯ ಆ ನಾಲ್ಕು ಗೂಟದ ಮಧ್ಯೆ.

ಊರು ಮದ್ದೂರು, ಇರೋದು ಬೆಂಗಳೂರು

ನನ್ನದೊಂದು ಬೇರೆ ಗೋಳು. ಅಪ್ಪನ ಹೆಸರಲ್ಲಿ ಬತ್ತಕ್ಕೆ ವಿಮೆ ಮಾಡಿಸಿದೆ. ಹಣ ಕಟ್ಟಿದ ರಸೀದಿ ಇದೆ. ಆರು ತಿಂಗಳ ಮೇಲೆ ಅರ್ಜಿ ತಿರಸ್ಕೃತ ಅಂತ ಮೆಸೇಜು. ಯಾಕೆ ಅಂತ ಹುಡುಕಿದರೆ ಬೆಳೆ ಸಮೀಕ್ಷೆಯಲ್ಲಿ ನಮ್ಮ ಸರ್ವೆ ನಂಬರಿಗೆ ಕಬ್ಬು ಅಂತ ಇದೆ! ಪಕ್ಕದ ಗದ್ದೆಯಲ್ಲಿ ಕೂಳೆ ಕಬ್ಬಿತ್ತು. ಫೋಟೊ ತೆಗೆದ ಹುಡುಗ ಬದುವಿನ ಮೇಲೆ ನಿಂತು ಯಾವ ಕಡೆ ತಿರುಗಿ ತೆಗೆದನೋ ದೇವರಿಗೇ ಗೊತ್ತು.

ಹಳೇ ಎಎಒ

ಇದು ಬಹಳ ಜನಕ್ಕೆ ಆಗುತ್ತದೆ. ನಮ್ಮ ರಾಜ್ಯದಲ್ಲಿ ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್‌ನಲ್ಲಿ ನೋಂದಾಯಿಸಿದ ಬೆಳೆ, ಬೆಳೆ ಸಮೀಕ್ಷೆಯ ಬೆಳೆ ಎರಡೂ ತಾಳೆ ಆಗಬೇಕು. ಆಗದಿದ್ದರೆ ನಿಮ್ಮ ಹತ್ತಿರ ರಸೀದಿ ಇದ್ದೂ ಇಲ್ಲದ ಹಾಗೆ. ಸಮೀಕ್ಷೆ ಆದ ಮೇಲೆ ಬೆಳೆ ದರ್ಶಕ ಆ್ಯಪ್‌ನಲ್ಲಿ ಸರ್ವೆ ನಂಬರು ಹಾಕಿ ನೋಡಿ. ಏನು ಬೆಳೆ ಬರೆದಿದ್ದಾರೆ, ಯಾವ ಫೋಟೊ ಹಾಕಿದ್ದಾರೆ ಎಲ್ಲ ಕಾಣಿಸುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು, ಅವಧಿ ಮುಗಿಯುವ ಮುಂಚೆ. ಸಮೀಕ್ಷೆ ಹುಡುಗನಿಗೆ ಕಾಯುವುದೂ ಬೇಡ, ರೈತರೇ ಆ್ಯಪ್‌ನಲ್ಲಿ ತಮ್ಮ ಬೆಳೆ ಫೋಟೊ ಹಾಕಲು ಅವಕಾಶ ಇದೆ.

ಕೊನೆ ಭಾಗದವರಿಗೆ ಇದರಲ್ಲಿ ಇನ್ನೊಂದು ಸಿಕ್ಕು. ಬತ್ತ ಅಂತ ವಿಮೆ ಕಟ್ಟಿರುತ್ತೀರಿ. ನೀರು ಬರಲ್ಲ ಅಂತ ಗೊತ್ತಾಗಿ ರಾಗಿ ಹಾಕಿಬಿಡುತ್ತೀರಿ. ಬುದ್ಧಿವಂತಿಕೆಯೇ, ಆದರೆ ವಿಮೆ ಹೋಯಿತು. ಬೆಳೆ ಬದಲಾಯಿಸಬೇಕಿದ್ದರೆ ನೋಂದಣಿಯ ಕೊನೆ ದಿನಕ್ಕೆ ಎರಡು ದಿನ ಮುಂಚೆಯೇ ತಿಳಿಸಬೇಕು.

ಕೊನೇ ತೂಬು

ಅದೇ ಅಲ್ವಾ ಸಾರ್ ಕಷ್ಟ. ನೋಂದಣಿ ಆಗಸ್ಟ್ ಮಧ್ಯಕ್ಕೆ ಮುಗಿಯುತ್ತದೆ ಅಂತಾರೆ. ನಮ್ಮ ತೂಬಿಗೆ ಕೆಲವು ವರ್ಷ ಆಗಸ್ಟ್ ಕೊನೆಗೆ ನೀರು. ಸಸಿಮಡಿಯೇ ಇನ್ನೂ ಗೇಣುದ್ದ ಇರುತ್ತದೆ. ನಾಟಿ ಮಾಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲದಾಗ ಯಾವ ಬೆಳೆ ಅಂತ ಬರೆಸಲಿ?

ಸೀಪುರದ ಸೊಸೆ

ನೀವೆಲ್ಲ ಕಟ್ಟಬೇಕಾ ಬೇಡ್ವಾ ಅಂತ ಕೇಳ್ತಿದ್ದೀರಿ. ನಮಗೆ ಕಟ್ಟೋಕೇ ಆಗಲ್ಲ. ಅದನ್ನೂ ಒಂದು ಸಲ ಕೇಳಿ.

ತಿ. ನರಸೀಪುರದ ಹತ್ತಿರ. ಮನೆ ಗದ್ದೆ ಮೂವತ್ತು ಗುಂಟೆ. ಪಹಣಿ ಇನ್ನೂ ನಮ್ಮ ಮಾವನವರ ಅಪ್ಪನ ಹೆಸರಲ್ಲಿದೆ. ಅವರು ತೀರಿಕೊಂಡು ಇಪ್ಪತ್ತು ವರ್ಷ ಮೇಲಾಯಿತು. ಪೌತಿ ಖಾತೆ ಮಾಡಿಸೋಣ, ಅಂದ್ರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಮಾಡಿಸೋಣ ಅಂದರೆ ಮಾವನವರ ಅಣ್ಣ ತಮ್ಮಂದಿರು, ಅವರ ಮಕ್ಕಳು, ಮದುವೆಯಾಗಿ ಹೋದ ಅತ್ತೆಯರು ಎಲ್ಲ ಸೇರಿ ಹದಿನೇಳು ಜನ ಸಹಿ ಹಾಕಬೇಕು. ಒಬ್ಬರು ಬಂದರೆ ಒಬ್ಬರು ಬರಲ್ಲ. ಪಹಣಿ ನಮ್ಮ ಹೆಸರಿಗಿಲ್ಲ, ಹಾಗಾಗಿ ಎಫ್‌ಐಡಿಗೆ, ಅಂದ್ರೆ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆಗೆ, ಆ ಸರ್ವೆ ನಂಬರು ಸೇರಲ್ಲ. ಎಫ್‌ಐಡಿ ಇಲ್ಲದೆ ವಿಮೆ ಇಲ್ಲ, ಬರ ಪರಿಹಾರವೂ ಇಲ್ಲ.

ಅದರ ಜೊತೆ ಬೇರೆಯವರ ಎರಡು ಎಕರೆಯನ್ನು ವಾರಕ್ಕೆ, ಅಂದ್ರೆ ಬೆಳೆಯಲ್ಲಿ ಪಾಲು ಕೊಡುವ ಲೆಕ್ಕಕ್ಕೆ ಮಾಡುತ್ತೇವೆ. ಗದ್ದೆಯ ಯಜಮಾನರು ಮೈಸೂರಲ್ಲಿದ್ದಾರೆ, ಒಳ್ಳೆಯವರು. ಆದರೆ ಗುತ್ತಿಗೆ ಕಾಗದ ಬರೆದುಕೊಡಿ ಅಂದರೆ ಮುಖ ಬದಲಾಗುತ್ತದೆ. 'ಉಳುವವನೇ ಒಡೆಯ' ಕಾಲದ ಹೆದರಿಕೆ ಅವರ ಮನೆಯಲ್ಲಿ ಇನ್ನೂ ಹೋಗಿಲ್ಲ. ಬೆಳೆ ಮುಳುಗಿದರೂ ಒಣಗಿದರೂ ನಷ್ಟ ನಮ್ಮದು. ವಿಮೆ ಬಂದರೆ ಪಹಣಿ ಇರುವವರಿಗೆ. ಒಂದು ವರ್ಷ ಹಾಗೇ ಆಯಿತು. ಅವರು ಸಾಲದ ಜೊತೆ ವಿಮೆ ಕಟ್ಟಿದ್ದರು, ಅವರ ಖಾತೆಗೆ ಬಂತು. ಹಬ್ಬಕ್ಕೆ ಬಂದಾಗ ಎರಡು ಸಾವಿರ ಕೊಟ್ಟು ಹೋದರು. ಕೊಟ್ಟರಲ್ಲಾ, ಅದೇ ದೊಡ್ಡದು ಅಂದರು ನಮ್ಮತ್ತೆ.

ಹಳೇ ಎಎಒ

ಅಕ್ಕ, ನಿಮ್ಮ ಮಾತಿಗೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಕೇಂದ್ರದ ಮಾರ್ಗಸೂಚಿಯಲ್ಲಿ ಗುತ್ತಿಗೆದಾರರು, ವಾರಕ್ಕೆ ಮಾಡುವವರು ಎಲ್ಲರಿಗೂ ವಿಮೆ ಇದೆ ಅಂತ ಬರೆದಿದೆ. ಆದರೆ ಕಾಗದ ತೋರಿಸಬೇಕು. ನಮ್ಮ ರಾಜ್ಯದಲ್ಲಿ 1974ರ ಭೂ ಸುಧಾರಣೆಯ ತಿದ್ದುಪಡಿ ಆದ ಮೇಲೆ ಗೇಣಿಯೇ ಇಲ್ಲ ಅನ್ನುವುದು ಕಾನೂನಿನ ಲೆಕ್ಕ. ಇಲ್ಲದ ಗೇಣಿಗೆ ಯಾರು ಕಾಗದ ಬರೆಯುತ್ತಾರೆ? ಪೌತಿ ಖಾತೆ ಮಾತ್ರ ಹೇಗಾದರೂ ಮಾಡಿ ಹಿಡಿಯಿರಿ. ವಿಮೆ ಒಂದಕ್ಕೇ ಅಲ್ಲ, ಎಲ್ಲದಕ್ಕೂ ಅದು ಬೇಕು.

ಪಟ್ಟಣದ ಹೊಳೆದಂಡೆ

ಶ್ರೀರಂಗಪಟ್ಟಣದಿಂದ. ಎಲ್ಲರೂ ನೀರಿಲ್ಲ ಅಂತಿದ್ದೀರಿ, ನಮಗೆ ನೀರೇ ಗಂಡಾಂತರ. 2024ರ ಜುಲೈ ಕೊನೆಯಲ್ಲಿ ಕೆಆರ್‌ಎಸ್‌ನಿಂದ ಒಂದು ಲಕ್ಷ ಕ್ಯುಸೆಕ್‌ಗಿಂತ ಜಾಸ್ತಿ ಬಿಟ್ಟರಲ್ಲ, ಆಗ ಹೊಳೆ ಪಕ್ಕದ ನಮ್ಮ ಸಸಿಮಡಿ ಐದು ದಿನ ನೀರಲ್ಲಿ. ಇಳಿದ ಮೇಲೆ ನೋಡಿದರೆ ಕೆಸರು ಬಳಿದ ಚಾಪೆ ಹಾಗಿತ್ತು. ವಿಮೆಗೆ ಫೋನ್ ಮಾಡಿದರೆ ಬತ್ತ ಮುಳುಗಿದ್ದಕ್ಕೆ ಒಬ್ಬೊಬ್ಬರ ಲೆಕ್ಕದಲ್ಲಿ ಪರಿಹಾರ ಇಲ್ಲ ಅಂದರು. ಜೋಳ ಮುಳುಗಿದರೆ ಇದೆಯಂತೆ, ಬತ್ತಕ್ಕಿಲ್ಲವಂತೆ. ಇದ್ಯಾವ ನ್ಯಾಯ?

ಹಳೇ ಎಎಒ

ಹೌದು, ಆಗ ಇರಲಿಲ್ಲ. ಯೋಜನೆ 2016ರಲ್ಲಿ ಶುರುವಾದಾಗ ಇತ್ತು. ಬತ್ತ ನೀರಲ್ಲೇ ಬೆಳೆಯುವ ಬೆಳೆ, ಮುಳುಗಿದ್ದು ನಷ್ಟವೋ ಅಲ್ಲವೋ ಹೇಳುವುದು ಕಷ್ಟ ಅಂತ 2018ರಲ್ಲಿ ತೆಗೆದರು. ಮೊಣಕಾಲುದ್ದ ನೀರಿಗೂ ತಲೆ ಮುಳುಗುವ ನೀರಿಗೂ ವ್ಯತ್ಯಾಸ ಗದ್ದೆಗಿಳಿದವನಿಗೆ ಗೊತ್ತು, ಕಾಗದಕ್ಕೆ ಗೊತ್ತಾಗಲಿಲ್ಲ.

ಒಳ್ಳೆ ಸುದ್ದಿ ಅಂದ್ರೆ 2025ರ ನವೆಂಬರ್‌ನಲ್ಲಿ ಕೇಂದ್ರ ಅದನ್ನು ವಾಪಸ್ ತಂದಿದೆ, 2026ರ ಮುಂಗಾರಿನಿಂದ ಜಾರಿ ಅಂತ. ಅದರ ಜೊತೆಗೇ ಕಾಡುಪ್ರಾಣಿ ಹಾನಿಯನ್ನೂ ಸೇರಿಸಿದ್ದಾರೆ. ಎರಡಕ್ಕೂ ಪಂಚಾಯ್ತಿ ಸರಾಸರಿ ಬೇಡ, ನಿಮ್ಮ ಗದ್ದೆಯ ನಷ್ಟವನ್ನೇ ನೋಡುತ್ತಾರೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಬೆಳೆ ವಿಮೆ ಆ್ಯಪ್‌ನಲ್ಲಿ ಫೋಟೊ ಹಾಕಿ. ಸಹಾಯವಾಣಿ 14447. ನೀರು ಇಳಿಯಲಿ ಆಮೇಲೆ ನೋಡೋಣ ಅಂತ ಕೂತರೆ ಮೂರು ದಿನ ಮುಗಿದಿರುತ್ತದೆ. ನೀರು ನಿಂತಿರುವಾಗಲೇ, ದಡದಲ್ಲಿ ನಿಂತು ಫೋಟೊ ತೆಗೆಯಿರಿ.

ನಿಮ್ಮ ಜಿಲ್ಲೆಗೆ ಈ ಸಲದ ಅಧಿಸೂಚನೆಯಲ್ಲಿ ಯಾವ ಯಾವ ರಕ್ಷಣೆ ಸೇರಿದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಂಡೇ ದುಡ್ಡು ಕಟ್ಟಿ.

ಮುದ್ದೆಪ್ರಿಯ ಮಳವಳ್ಳಿ

ಕಾಡುಪ್ರಾಣಿ ಸೇರಿಸಿದ್ದಾರಾ? ಮೊದಲೇ ಹೇಳಬಾರದಾ ಸಾರ್. ನಮ್ಮ ಕಡೆ ಹಂದಿ ಬಂದರೆ ರಾಗಿ ಹೊಲದಲ್ಲಿ ಉರುಳಾಡಿ ಹೋಗುತ್ತದೆ, ತಿನ್ನುವುದಕ್ಕಿಂತ ಹಾಳು ಮಾಡುವುದೇ ಜಾಸ್ತಿ. ಆನೆ ಬಂದರಂತೂ ಕೇಳಲೇಬೇಡಿ. ನಾನು ನನ್ನ ಮೊದಲ ಕಾಮೆಂಟನ್ನು ಅರ್ಧ ವಾಪಸ್ ತಗೊಳ್ಳುತ್ತೇನೆ.

ಚಾಮರಾಜ ಎಡದಂಡೆ

72 ಗಂಟೆ ಅಂದಾಗ ನೆನಪಾಯಿತು. 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ಬಂತಲ್ಲ. ನಾವು ಕೊಯ್ದು ಅರಿ ಬಿಟ್ಟಿದ್ದೆವು. ಮೂರು ದಿನ ನೆಂದು ಬತ್ತ ಅಲ್ಲೇ ಮೊಳಕೆ ಒಡೆಯಿತು. ಕೊಯ್ಲಾದ ಮೇಲೂ ವಿಮೆ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಒಂದು ತಿಂಗಳಾದ ಮೇಲೆ.

ಹಳೇ ಎಎಒ

ಕೊಯ್ದು ಗದ್ದೆಯಲ್ಲಿ ಒಣಗಲು ಬಿಟ್ಟ ಬೆಳೆಗೆ 14 ದಿನ ರಕ್ಷಣೆ ಇದೆ. ಅದಕ್ಕೂ ಅದೇ 72 ಗಂಟೆ. ಯಂತ್ರದಲ್ಲಿ ಕೊಯ್ದು ನೇರ ಚೀಲಕ್ಕೆ ತುಂಬಿದರೆ ಇದು ಬರುವುದಿಲ್ಲ.

ಮೈಸೂರು ಮೇಷ್ಟ್ರು

ನಾನು ರೈತನಲ್ಲ, ರೈತನ ಮಗ. ಓದಿದ ಒಂದು ವಿಷಯ ಇಲ್ಲಿ ಹೇಳಲೇಬೇಕು ಅನ್ನಿಸಿತು. ಬೆಳೆ ವಿಮೆಯ ಮಾತು ಇಡೀ ದೇಶದಲ್ಲಿ ಮೊದಲು ಎತ್ತಿದವರಲ್ಲಿ ಒಬ್ಬರು ನಮ್ಮ ಮೈಸೂರು ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿ. ನೂರು ವರ್ಷದ ಹಿಂದೆ! 1920ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ಅವರ ಲೆಕ್ಕ ಬಹಳ ಸರಳ. ಗದ್ದೆ ಗದ್ದೆಗೆ ಹೋಗಿ ಇಳುವರಿ ಅಳೆಯುವುದೇ ಬೇಡ. ಮಳೆ ಅಳೆಯಿರಿ. ಇಷ್ಟಕ್ಕಿಂತ ಕಮ್ಮಿ ಬಿದ್ದರೆ ಆ ಪ್ರದೇಶದವರಿಗೆಲ್ಲ ದುಡ್ಡು ಕೊಡಿ.

2007ರಲ್ಲಿ ಕೇಂದ್ರ ಸರ್ಕಾರದ ಹವಾಮಾನ ಆಧಾರಿತ ಬೆಳೆ ವಿಮೆ ಯೋಜನೆಯನ್ನು ಮೊದಲು ಪ್ರಯೋಗ ಮಾಡಿದ್ದೂ ಕರ್ನಾಟಕದಲ್ಲೇ. ಈಗಂತೂ ಹೆಚ್ಚು ಕಡಿಮೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ತಾನಾಗೇ ಮಳೆ ಲೆಕ್ಕ ಕಳಿಸುವ ಮಾಪಕ ಇದೆ. ಬತ್ತಕ್ಕೂ ಮಳೆ ಲೆಕ್ಕವನ್ನೇ ಹಿಡಿದರೆ ಗೂಟ, ಹಗ್ಗ, ಎಳನೀರು ಯಾವುದೂ ಬೇಡ ಅಲ್ವಾ?

ಕೊನೇ ತೂಬು

ಮೇಷ್ಟ್ರೇ, ವಿಷಯ ಚೆನ್ನಾಗಿದೆ. ಆದರೆ ನಮ್ಮ ಗದ್ದೆಗೆ ಬೇಕಾದ ಮಳೆ ಬೀಳುವುದು ಭಾಗಮಂಡಲದಲ್ಲಿ. ನಮ್ಮೂರಲ್ಲಿ ಚೆನ್ನಾಗಿ ಮಳೆಯಾಗಿ ಕೊಡಗಲ್ಲಿ ಆಗದಿದ್ದರೆ ನಾವು ಸತ್ತೆವು. ನಮ್ಮೂರಲ್ಲಿ ಹನಿ ಬೀಳದೆ ಕೊಡಗಲ್ಲಿ ಸುರಿದರೆ ನಮಗೆ ಹಬ್ಬ. ನಮ್ಮ ಪಂಚಾಯ್ತಿ ಮಳೆಮಾಪಕ ನೋಡಿ ನನಗೆ ದುಡ್ಡು ಕೊಡುತ್ತೇನೆ ಅಂದರೆ ಕೊಡಬೇಕಾದಾಗ ಕೊಡಲ್ಲ, ಬೇಡದಾಗ ಕೊಡುತ್ತೀರಿ.

ಊರು ಮದ್ದೂರು, ಇರೋದು ಬೆಂಗಳೂರು

ಹಾಗಾದರೆ ಕೆಆರ್‌ಎಸ್ ಮಟ್ಟವನ್ನೇ ಹಿಡಿಯಬಹುದಲ್ಲ? ಆಗಸ್ಟ್ 15ಕ್ಕೆ ಅಣೆಕಟ್ಟಲ್ಲಿ ಇಷ್ಟು ಅಡಿಗಿಂತ ಕಮ್ಮಿ ಇದ್ದರೆ ವಿ.ಸಿ. ನಾಲೆಯ ಕೊನೆ ಭಾಗದವರಿಗೆ ಇಷ್ಟು ಅಂತ. ಮಟ್ಟ ದಿನಾ ಪೇಪರಲ್ಲಿ ಬರುತ್ತದೆ. 124.80 ಅಡಿ ಅಂದರೆ ತುಂಬಿದೆ ಅಂತ ಮಂಡ್ಯದ ಮಗುವಿಗೂ ಗೊತ್ತು. ಅದರಲ್ಲಿ ಯಾರೂ ಗೂಟ ಸರಿಸೋಕೆ ಆಗಲ್ಲ.

ಹಳೇ ಎಎಒ

ಯೋಚನೆ ಚೆನ್ನಾಗಿದೆ ತಮ್ಮ. ಆದರೆ ಅಣೆಕಟ್ಟಲ್ಲಿರುವ ನೀರೆಲ್ಲ ನಮ್ಮ ನಾಲೆಗೆ ಬರುವುದಿಲ್ಲ, ತಮಿಳುನಾಡಿಗೆ ಬಿಡಬೇಕು, ಬೆಂಗಳೂರು ಮೈಸೂರಿಗೆ ಕುಡಿಯಲು ಬೇಕು. 2023ರಲ್ಲಿ ನೋಡಿದೆವಲ್ಲ, ಎರಡು ಬಂದ್ ಆದವು ಒಂದೇ ವಾರದಲ್ಲಿ. ಮಟ್ಟಕ್ಕಿಂತ ಕೊನೆ ತೂಬಲ್ಲಿ ಎಷ್ಟು ದಿನ ನೀರು ಹರಿಯಿತು ಅನ್ನುವುದೇ ಸರಿಯಾದ ಅಳತೆ. ಅದನ್ನು ಈಗ ಬರೆದಿಡುವವನು ನಾಲೆ ನೀರು ಬಿಡುವ ನೀರುಗಂಟಿ ಒಬ್ಬನೇ, ಅದೂ ಅವನ ತಲೆಯಲ್ಲಿ. ಪಂಚಾಯ್ತಿ ಘಟಕ ಬಿಟ್ಟು ತೂಬಿನ ಲೆಕ್ಕದಲ್ಲಿ, ತಲೆ ಭಾಗ ಬೇರೆ, ಕೊನೆ ಭಾಗ ಬೇರೆ ಅಂತ ಘಟಕ ಮಾಡಿದರೆ ಅರ್ಧ ಜಗಳ ಮುಗಿಯುತ್ತದೆ ಅನ್ನುವುದು ನನ್ನ ಹಳೆಯ ವಾದ. ಸರ್ವಿಸ್‌ನಲ್ಲಿದ್ದಾಗ ಮೀಟಿಂಗ್‌ನಲ್ಲಿ ಎರಡು ಸಲ ಹೇಳಿದೆ. ಕಾಫಿ ಬಂತು.

ಸೀಪುರದ ಸೊಸೆ

ಬರ ಬಂದರೆ ಸರ್ಕಾರ ಪರಿಹಾರ ಕೊಟ್ಟೇ ಕೊಡುತ್ತದಲ್ಲ, ಮತ್ತೆ ವಿಮೆ ಯಾಕೆ ಅಂತ ನಮ್ಮೂರಲ್ಲಿ ಕೇಳುತ್ತಾರೆ. ಅದಕ್ಕೇನಂತೀರಿ?

ಕೊನೇ ತೂಬು

ಅಕ್ಕ, ಅದು ನನಗೆ ಬಂದಿತ್ತು. ಮೊದಲು 2,000, ಆಮೇಲೆ ಕೇಂದ್ರದ ದುಡ್ಡು ಬಂದ ಮೇಲೆ ಉಳಿದದ್ದು. ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ಅಂತ ಲೆಕ್ಕ. ಎಕರೆಗೆ ಹಿಡಿದರೆ 6,900ರ ಒಳಗೇ. ಅಷ್ಟೂ ಕೈಗೆ ಬರುವಷ್ಟರಲ್ಲಿ ಮುಂದಿನ ಮುಂಗಾರು ಬಾಗಿಲಿಗೆ ಬಂದಿತ್ತು. ಬೆಳೆ ಒಣಗಿದ್ದು ಅಕ್ಟೋಬರ್‌ನಲ್ಲಿ. ನಡುವೆ ಕೈಸಾಲಕ್ಕೆ ಬಡ್ಡಿ ಯಾರು ಕೊಡುತ್ತಾರೆ? ಆದರೂ ಒಂದು ಮಾತು ಒಪ್ಪಬೇಕು. ವಿಮೆ ಕಟ್ಟಿದ್ದಕ್ಕೆ ಸೊನ್ನೆ ಬಂತು, ಕಟ್ಟದೇ ಇದ್ದದ್ದಕ್ಕೆ ಹತ್ತು ಸಾವಿರದ ಹತ್ತಿರ ಬಂತು. ಊರವರು ಹಾಗೆ ಕೇಳುವುದರಲ್ಲಿ ತಪ್ಪೇನಿದೆ?

ಹಳೇ ಎಎಒ

ತಪ್ಪಿಲ್ಲ. ಆದರೆ ಆ ಪರಿಹಾರ ಸರ್ಕಾರ ತಾಲ್ಲೂಕನ್ನು ಬರ ಅಂತ ಘೋಷಿಸಿದರೆ ಮಾತ್ರ. ಆ ವರ್ಷ 236 ತಾಲ್ಲೂಕಲ್ಲಿ 223 ಬರದ ಪಟ್ಟಿಯಲ್ಲಿದ್ದವು, ಹಾಗಾಗಿ ಬಂತು. ಆದರೂ ದುಡ್ಡಿಗಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ನಿಮ್ಮ ಪಂಚಾಯ್ತಿಯಲ್ಲಿ ಮಾತ್ರ ಜಿಗಿ ಹುಳು ಬಿದ್ದು ಬೆಳೆ ಸುಟ್ಟ ಹಾಗಾದರೆ ಯಾರೂ ಬರ ಘೋಷಿಸುವುದಿಲ್ಲ. ಅಲ್ಲಿ ವಿಮೆಯೇ ಗತಿ.

ಕಟ್ಟುವ ದುಡ್ಡು ನೋಡಿ. ಮುಂಗಾರಿಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ. ಕಂಪನಿ ಕೇಳುವ ಉಳಿದ ಪ್ರೀಮಿಯಂ ಕೇಂದ್ರ, ರಾಜ್ಯ ಕಟ್ಟುತ್ತವೆ. ಇನ್ನೊಂದು, 2020ರಿಂದ ಸಾಲ ತಗೊಂಡವರಿಗೂ ಇದು ಕಡ್ಡಾಯ ಅಲ್ಲ. ಬೇಡ ಅಂದರೆ ಕೊನೆ ದಿನಕ್ಕೆ ಏಳು ದಿನ ಮುಂಚೆ ಬರೆದುಕೊಡಬೇಕು. ಬರೆದುಕೊಡದಿದ್ದರೆ ಸಾಲದ ಖಾತೆಯಿಂದ ಹಿಡಿಯುತ್ತಾರೆ, ಯಾವ ಬೆಳೆಗೆ ಹಿಡಿದರು ಅಂತ ನೀವು ಕೇಳುವುದೂ ಇಲ್ಲ. ಕೇಳಿ.

ನನ್ನ ತೀರ್ಮಾನ ಕೇಳಿದರೆ, ಕೊನೇ ತೂಬು ಅವರೇ, ಕಟ್ಟಿ. ಆದರೆ ನಿಮ್ಮ ಗದ್ದೆಗೆ ಕಾವಲು ಸಿಕ್ಕಿತು ಅಂದುಕೊಂಡು ಕಟ್ಟಬೇಡಿ. ಕಟಾವು ಪ್ರಯೋಗದ ದಿನ ಕೊನೆ ಭಾಗದ ಹತ್ತು ಜನ ಹೋಗಿ ನಿಂತುಕೊಳ್ಳಿ. ಜಗಳಕ್ಕಲ್ಲ. ಸುಮ್ನೆ ನೋಡುವುದಕ್ಕೆ. ಹೆಜ್ಜೆ ಎಣಿಸಿ, ತೂಕ ಬರೆದುಕೊಳ್ಳಿ. ಹತ್ತು ಜನ ನೋಡುತ್ತಿದ್ದರೆ ಗೂಟ ಸರಿಯಾದ ಜಾಗಕ್ಕೇ ಬೀಳುತ್ತದೆ. ಐಆರ್-64 ಥರ ಬೇಗ ಬರುವ ತಳಿ ಹಾಕುವುದು, ಕೊನೆಯ ಒಂದು ಕಟ್ಟು ನೀರು ತಪ್ಪಿದರೂ ಬದುಕುವ ಹಾಗೆ ನೋಡಿಕೊಳ್ಳುವುದು, ಇದೆಲ್ಲ ನಿಮಗೆ ಹೇಳಿಕೊಡಬೇಕಾಗಿಲ್ಲ.

ಕೊನೇ ತೂಬು

ಸಾರ್, ಎರಡು ದಿನ ಬಿಟ್ಟು ಬಂದಿದ್ದೇನೆ. ಮನೆಯಲ್ಲಿ ಮಾತಾಯಿತು. ಕಟ್ಟುವುದು ಅಂತ ಆಗಿದೆ, ಯೂರಿಯಾ ಲೆಕ್ಕ ಇನ್ನೊಂದು ವರ್ಷ ಕೇಳಬೇಕು ಅಷ್ಟೇ. ನಮ್ಮ ತೂಬಿನ ಕೆಳಗಿನ ಹನ್ನೊಂದು ಜನರ ಒಂದು ವಾಟ್ಸಾಪ್ ಗುಂಪು ಮಾಡಿದ್ದೇನೆ, ಕಟಾವಿನ ದಿನಕ್ಕೆ. ನೀರುಗಂಟಿಯನ್ನೂ ಸೇರಿಸಿದೆ. ನೀರು ಬಂದ ದಿನ ಒಂದು ಫೋಟೊ ಹಾಕು ಮಾರಾಯ ಅಂತ ಹೇಳಿದ್ದೇನೆ.

ನೀವು ಹೇಳಿದ ಹಾಗೆ ಆ್ಯಪ್ ಹಾಕಿಕೊಂಡು ನನ್ನ ಸರ್ವೆ ನಂಬರಿನ ಹಳೆಯ ಸಮೀಕ್ಷೆ ನೋಡಿದೆ. ಹೋದ ಮುಂಗಾರಿಗೆ ಬತ್ತ ಬೆಳೆದಿದ್ದೆ. ಅಲ್ಲಿ ತೆಂಗು ಅಂತ ಇದೆ. ಒಂದೂವರೆ ಎಕರೆ ತೆಂಗು! ಬದುವಿನ ಮೇಲೆ ನಾಲ್ಕು ಮರ ಇವೆ, ಫೋಟೊದಲ್ಲಿ ಅವೇ ಎದ್ದು ಕಾಣುತ್ತಿವೆ. ಸಮೀಕ್ಷೆ ಮಾಡಿದವನು ನಮ್ಮ ಚಿಕ್ಕಪ್ಪನ ಮಗನೇ. ಸಂಜೆ ಮನೆಗೆ ಬಾ ಅಂದಿದ್ದೇನೆ.

ಮುದ್ದೆಪ್ರಿಯ ಮಳವಳ್ಳಿ

ಬಂದರೆ ಎಳನೀರು ಕೊಡಿ ಅಣ್ಣ. ಒಂದೂವರೆ ಎಕರೆ ತೋಟ ಇದೆಯಲ್ಲಾ.